ಅಡಿಕೆ ತಕ್ಕಡಿಯಲ್ಲಿ ನಾನು

ದಪ್ಪಗಿರುವವನಿಗೆ ಬುದ್ಧಿ ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಕಳ್ಳನನ್ನಾದರೂ ಜನ ಮರೆಯಲ್ಲಿ ಆಡಿಕೊಳ್ಳುತ್ತಾರೆ, ಹೊಟ್ಟೆ ಬಂದವನ ಹೊಟ್ಟೆಯ ಮೇಲೇ ಕೈಯಿಟ್ಟು, "ಏನ್ ಮಾರಾಯ, ಎಷ್ಟು ತಿಂಗಳು?" ಎನ್ನುತ್ತಾರೆ. ಇಂಥ ಮಾತಿಗೆಲ್ಲ ನಾನು ಜಗ್ಗುವವನಲ್ಲ. ಆದರೆ ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ, ಭದ್ರಾವತಿಯ ಒಂದು ಕಚೇರಿಯಲ್ಲಿ ಐದು ವರ್ಷ ಹಂಗಾಮಿ ಗುಮಾಸ್ತನಾಗಿ ಸವೆದಿದ್ದ ನನಗೆ ಕೊನೆಗೂ ಕೆಲಸ ಕಾಯಂ ಆಗುವ ಯೋಗ ಬಂತು. ಡಾಕ್ಟರ ಸರ್ಟಿಫಿಕೇಟು ಒಂದು ಬೇಕಿತ್ತು. ಡಾಕ್ಟರು ನನ್ನನ್ನು ತೂಕದ ಯಂತ್ರ ಹತ್ತಿಸಿ, ಮುಳ್ಳು ನಿಲ್ಲುವವರೆಗೆ ಕಾದು, "ಎರಡು ತಿಂಗಳಲ್ಲಿ ಹನ್ನೆರಡು ಪೌಂಡು ಇಳಿಸ್ಕೊಂಡು ಬನ್ನಿ, ರುಜು ಹಾಕ್ತೀನಿ. ಇಳಿಸದಿದ್ರೆ ಇಲ್ಲ" ಎಂದರು. ನಮ್ಮ ಕಡೆಯ ಲೆಕ್ಕದಲ್ಲಿ ಅದು ಅರ್ಧ ಮಣ, ಅಂದರೆ ಇಪ್ಪತ್ತು ಸೇರು.

ದಾರಿಯನ್ನೂ ಅವರೇ ತೋರಿಸಿದರು. "ಊಟದಲ್ಲಿ ಕ್ಯಾಲೊರಿ ಅಂತ ಇರುತ್ತೆ, ಒಲೆಗೆ ಸೌದೆ ಇದ್ದ ಹಾಗೆ. ನೀವು ಸೌದೆ ಒಟ್ಟುತ್ತಾ ಇದ್ದೀರಿ, ಉರಿಸ್ತಾ ಇಲ್ಲ. ಕಮ್ಮಿ ತಿನ್ನಿ, ಹೆಚ್ಚು ನಡೀರಿ." ಓಲ್ಡ್ ಟೌನಿನ ಮನೆಗೆ ಬಂದು ಇದನ್ನು ನನ್ನ ಹೆಂಡತಿ ಗಿರಿಜಮ್ಮನಿಗೆ ವರದಿ ಮಾಡಿದೆ. ಅವಳಿಗೆ ಸಿಟ್ಟೇ ಬಂತು. "ನಾನು ಹಾಕೋ ಅನ್ನದಲ್ಲಿ ಅಂಥದ್ದೇನೂ ಇಲ್ಲ ಕಣ್ರೀ. ಕಲ್ಲು, ಹೊಟ್ಟು ಎಲ್ಲ ಆರಿಸಿಯೇ ಬೇಯಿಸ್ತೀನಿ!" ಆದರೆ ಕೆಲಸ ಕಾಯಂ ಆಗುವ ಮಾತೆಂದು ತಿಳಿದದ್ದೇ ತಡ, ತುಪ್ಪದ ಗಡಿಗೆ ಅಟ್ಟ ಸೇರಿತು, ಐದು ದೋಸೆ ಎರಡಾಯಿತು. ನಾನೂ ಒಂದು ಒಪ್ಪಂದಕ್ಕೆ ಬಂದೆ: ಸೇತುವೆಯವರೆಗೆ ನಡೆದು ಬಂದರೆ ಒಂದು ರೊಟ್ಟಿ ಹೆಚ್ಚು. ನಡೆಯಲು ಶಕ್ತಿ ಬೇಕಲ್ಲ, ಹಾಗಾಗಿ ರೊಟ್ಟಿ ಮೊದಲು, ನಡಿಗೆ ಆಮೇಲೆ. ರೊಟ್ಟಿ ಒಳಗೆ ಹೋದಮೇಲೆ ನಿದ್ದೆ ಬರುತ್ತಿದ್ದುದು ನನ್ನ ತಪ್ಪಲ್ಲ.

ಇಳಿದಿದೆಯೋ ಇಲ್ಲವೋ ಎಂದು ವಾರ ವಾರ ನೋಡಬೇಕಲ್ಲ. ಡಾಕ್ಟರ ಯಂತ್ರದ ಮುಂದೆ ಮತ್ತೆ ಮತ್ತೆ ಮಾನ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಗಿರಿಜಮ್ಮನ ತಮ್ಮ ರುದ್ರಪ್ಪ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ತೂಕದ ಗುಮಾಸ್ತ. ಭಾನುವಾರ ಮಂಡಿಗೆ ರಜೆ, ಬೀಗದ ಕೈ ಅವನ ಬಳಿ. ಹಾಗಾಗಿ ಪ್ರತಿ ಭಾನುವಾರ ರೈಲಿನಲ್ಲಿ ಹೋಗಿ, ಪೇಟ ಕೋಟು ಕಳಚಿಟ್ಟು, ಅಡಿಕೆ ಮೂಟೆ ತೂಗುವ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಮಂಡಿ ಮಡಚಿ ಕೂರುತ್ತಿದ್ದೆ. ರುದ್ರಪ್ಪ ಆ ಕಡೆಯ ತಟ್ಟೆಗೆ ಕಲ್ಲು ಹಾಕಿ, ಬೆರಳು ಮಡಚಿ ಏನೋ ಗುಣುಗುಟ್ಟಿ, ಒಂದು ಚೀಟಿ ಬರೆದು ಕೊಡುತ್ತಿದ್ದ. ಮೊದಲ ವಾರವೇ ಒಂದು ಸೇರು ಕಮ್ಮಿ! ನನಗೆ ಹುಮ್ಮಸ್ಸು ಬಂತು. ಮರುವಾರದಿಂದ ಸ್ಟೇಷನ್ನಿನಿಂದ ನೇರ ಮಂಡಿಗೆ ಹೋಗದೆ, ತುಂಗೆಯ ಸೇತುವೆಯವರೆಗೆ ಬಿಸಿಲಿನಲ್ಲಿ ಬಿರಬಿರನೆ ನಡೆದು, ಅಂಗಿ ಮೈಗೆ ಅಂಟಿಕೊಂಡಮೇಲೆ ತಕ್ಕಡಿ ಏರತೊಡಗಿದೆ. ನಡೆದಷ್ಟೂ ಚೀಟಿಯ ತೂಕ ಇಳಿಯಿತು. ಚೀಟಿ ಇಳಿದಷ್ಟೂ ದುರ್ಗಿಗುಡಿಯ ರುದ್ರಪ್ಪನ ಮನೆಯಲ್ಲಿ ನಾನು ಹೋಳಿಗೆ ಏರಿಸಿದೆ. ಅವನ ಹೆಂಡತಿ, "ಇಳಿದಿದ್ದೀರಲ್ಲ ಅಣ್ಣಾ, ಇನ್ನೊಂದು ಹಾಕಿಸ್ಕೊಳ್ಳಿ" ಎಂದು ತುಪ್ಪ ಸುರಿಯುವಾಗ ಬೇಡವೆನ್ನುವುದು ಮನುಷ್ಯತ್ವವೇ? ಚೀಟಿಗಳನ್ನು ಗಿರಿಜಮ್ಮ ದೇವರ ಗೂಡಿನಲ್ಲಿ ಇಟ್ಟು ಕುಂಕುಮ ಹಚ್ಚುತ್ತಿದ್ದಳು.

ಎರಡು ತಿಂಗಳು ತುಂಬಿದ ದಿನ ಜರಿ ಪೇಟ ಸುತ್ತಿಕೊಂಡು ಡಾಕ್ಟರ ಯಂತ್ರ ಏರಿದೆ. ನಾಲ್ಕು ಪೌಂಡು ಹೆಚ್ಚಾಗಿತ್ತು. ಯಂತ್ರ ಕೆಟ್ಟಿದೆ ಎಂದು ವಾದಿಸಿದೆ. ಡಾಕ್ಟರು ತಾವೇ ಹತ್ತಿ ತೋರಿಸಿ, "ಇನ್ನೊಂದು ತಿಂಗಳು ಕೊಡ್ತೀನಿ. ಅದೇ ಕೊನೆ" ಎಂದರು. ಸುದ್ದಿ ಕೇಳಿದ ಗಿರಿಜಮ್ಮ ಆ ಭಾನುವಾರ ನನ್ನ ಜೊತೆಗೇ ರೈಲು ಹತ್ತಿ ಮಂಡಿಗೆ ಬಂದಳು. ತಮ್ಮನ ಜುಟ್ಟು ಹಿಡಿಯುವುದೊಂದು ಬಾಕಿ.

ರುದ್ರಪ್ಪ ಕಣ್ಣುಕಣ್ಣು ಬಿಟ್ಟ. "ಅಲ್ಲ ಅಕ್ಕಾ, ಮಂಡೀಲಿ ಬರೀ ತಕ್ಕಡಿ ತೋರಿಸಿದ್ದನ್ನ ಬರೀತಾರೇನೆ? ತೇವಕ್ಕೆ ಇಷ್ಟು, ಧೂಳಿಗೆ ಇಷ್ಟು ಅಂತ ಕಳೆದೇ ಬರೆಯೋದು ಪದ್ಧತಿ. ಮೊದಲನೇ ವಾರ ಭಾವ ಒಣಗಿದ್ರು, ಒಂದು ಸೇರು ಕಳೆದೆ. ಆಮೇಲೆ ವಾರ ವಾರಕ್ಕೂ ತೊಯ್ದು ತೊಪ್ಪೆಯಾಗಿ ಬಂದ್ರೆ ನಾನೇನು ಮಾಡ್ಲಿ? ಅಂಥ ಹಸಿ ಮಾಲಿಗೆ ಕಳೀದೆ ಇರೋಕಾಗುತ್ತಾ?"

ಗಿರಿಜಮ್ಮ ಅಲ್ಲೇ ಅಡಿಕೆ ಮೂಟೆಯ ಮೇಲೆ ಕುಳಿತು ಅತ್ತುಬಿಟ್ಟಳು. ಆಗ ಅವಳ ಕೈ ನೋಡಿದೆ: ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಗಂಡನಿಗೆ ಬಡಿಸದ ಮೂರು ದೋಸೆಯನ್ನು ತಾನು ಮಾತ್ರ ತಿನ್ನುವುದು ಹೇಗೆಂದು ಎರಡು ತಿಂಗಳು ಅವಳೂ ತಿಂದಿರಲಿಲ್ಲ. ನಮ್ಮ ಮನೆಯಲ್ಲಿ ಅರ್ಧ ಮಣ ಇಳಿದದ್ದೇನೋ ನಿಜ, ಇಳಿದದ್ದು ನನ್ನ ಮೈಯಿಂದಲ್ಲ. ನನಗೆ ತುಂಬ ನಾಚಿಕೆಯಾಯಿತು. ಆ ಒಂದು ತಿಂಗಳು ನಿಜವಾಗಿ ಹಸಿದೆ, ನಿಜವಾಗಿ ನಡೆದೆ, ಡಾಕ್ಟರು ಗೊಣಗುತ್ತಲೇ ರುಜು ಹಾಕಿದರು.

ಇನ್ನು ನಿಮ್ಮಲ್ಲೊಂದು ಗುಟ್ಟು. ನನ್ನಪ್ಪ ಮಂಡಿಗೆ ಅಡಿಕೆ ಹಾಕಿದ ವರ್ಷ, ತೇವಕ್ಕೆಂದು ಒಂದು ಸೇರು ಹೆಚ್ಚು ಕಳೆದರೆಂದು ಅದೇ ಮಂಡಿಯ ಬಾಗಿಲಲ್ಲಿ ನಿಂತು ಬೀದಿಯೆಲ್ಲ ಕೇಳುವಂತೆ ಜಗಳವಾಡಿದವನು ನಾನು. ಮಂಡಿಯವರ ಬೆರಳು ಯಾವಾಗ, ಯಾಕೆ ಮಡಚುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗಿರಿಜಮ್ಮ ಇಂದಿಗೂ ತಮ್ಮನನ್ನು ಬೈಯುತ್ತಾಳೆ. ನಾನೂ ಜೊತೆಗೆ ಎರಡು ಮಾತು ಸೇರಿಸುತ್ತೇನೆ.