ಒಂದು ಬಾಟಲಿ ಸಾರು

ಮನುಷ್ಯರ ಸಹವಾಸ ತಪ್ಪಲಿ ಎಂದು ರಸಾಯನಶಾಸ್ತ್ರ ಓದಿದವನು ನಾನು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸೇರಿದ ಮೇಲೆ ಗೊತ್ತಾಯಿತು: ಪೊಲೀಸರು ಪರೀಕ್ಷೆಗೆ ತರುವ ಪ್ರತಿ ಪೊಟ್ಟಣದ ಹಿಂದೆ ಒಂದು ಮನೆ ಇರುತ್ತದೆ, ಆ ಮನೆಯ ಹಿಂದೆ ಇಡೀ ಓಣಿ ಇರುತ್ತದೆ. ಹಾಗಾಗಿ ಈಗ ಹೇಳಲಿರುವಂಥವು ನಡೆಯುತ್ತಲೇ ಇರುತ್ತವೆ.

ಇದು ಜವಳಗೇರಾ ಎಂಬ ಹಳ್ಳಿಯ ಸಾರಿನ ಪ್ರಕರಣ. ಅತ್ತೆ ಉಂಡಳು, ವಾಂತಿ ಮಾಡಿಕೊಂಡಳು, ಸಿಂಧನೂರಿನ ಆಸ್ಪತ್ರೆ ಸೇರಿದಳು. ಎದ್ದು ಕೂರುವಷ್ಟು ಶಕ್ತಿ ಬಂದ ಕೂಡಲೇ, "ಸೊಸಿ ಸಾರಿನ್ಯಾಗ ಏನೋ ಹಾಕ್ಯಾಳ" ಎಂದು ಹೇಳಿಕೆ ಕೊಟ್ಟಳು. ಹೊಟ್ಟೆ ತೊಳೆದ ನೀರನ್ನು ಆಸ್ಪತ್ರೆಯಲ್ಲಿ ಯಾರೋ ಚೆಲ್ಲಿಬಿಟ್ಟಿದ್ದರು. ಉಳಿದದ್ದು ಸಾರು. ಸೊಸೆ ಜೈಲಿಗೆ ಹೋಗಬೇಕೋ ಬೇಡವೋ ಎಂಬುದು ಅದರ ಬಗ್ಗೆ ನಾನು ಕೊಡುವ ವರದಿಯ ಮೇಲೆ ನಿಂತಿತ್ತು. ಅವಳು ತವರಿಗೆ ಹೋಗಿ ಕಾಯುತ್ತ ಕುಳಿತಿದ್ದಳು.

ನನ್ನಿಂದ ನನಗೆ

ಆಗ ವಿಷ ವಿಭಾಗಕ್ಕೆ ನಾನೊಬ್ಬನೇ. ರಕ್ತ ವಿಭಾಗದವರು ವರ್ಗವಾಗಿ ಹೋದರು, ಅದರ ಪ್ರಭಾರ ನನಗೆ. ದಾಖಲೆ ವಿಭಾಗದವರು ನಿವೃತ್ತರಾದರು, ಅದೂ ನನಗೇ. ಒಂದು ವಿಭಾಗ ಇನ್ನೊಂದರಿಂದ ಏನು ಕೇಳಿದರೂ ಪತ್ರದಲ್ಲೇ ಕೇಳಬೇಕೆಂಬುದು ನಿಯಮ. ಸೂಕ್ಷ್ಮದರ್ಶಕ ಬೇಕೆಂದು ವಿಷ ವಿಭಾಗದ ನಾನು ರಕ್ತ ವಿಭಾಗದ ನನಗೆ ಬರೆದೆ. ಕೆಲಸದ ಒತ್ತಡದಲ್ಲಿ ನಾನು ಉತ್ತರಿಸಲಿಲ್ಲ. ಕಟುವಾದ ಜ್ಞಾಪನಾ ಪತ್ರ ಕಳಿಸಿದೆ.

ಪತ್ರ ಸಾಗಿಸುತ್ತಿದ್ದವರು ನಮ್ಮ ಅಟೆಂಡರ್. ಮಸ್ಕಿಯವರು, ಗುತ್ತಿಗೆಯ ಮೇಲೆ ಬಂದವರು. ಮೊದಲು ಲಿಂಗಸುಗೂರಿನಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಕಸ ಹೊಡೆದು ಬಾಟಲಿ ಜೋಡಿಸುತ್ತಿದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಜ್ಞಾಪನಾ ಪತ್ರವನ್ನು ಮೇಜಿನ ಈ ತುದಿಯಿಂದ ಆ ತುದಿಗೆ ತಂದಿಟ್ಟು, ದನಿ ತಗ್ಗಿಸಿ ಹೇಳಿದರು: "ಲಗೂನ ಜವಾಬ್ ಕೊಡ್ರಿ ಸಾಹೇಬ್ರ. ಆ ಸಾಹೇಬ್ರು ಭಾಳ ಸಿಟ್ಟಿನ ಮನಶಾ."

ರಂಗೋಲಿ

ಈ ಪ್ರಕರಣಕ್ಕೆ ತುಸು ಮೊದಲು ಲಿಂಗಸುಗೂರಿನಲ್ಲಿ ಪೊಲೀಸರಿಗೆ ಒಂದು ದಿನದ ತರಬೇತಿ ಕೊಟ್ಟಿದ್ದೆ. ಖಾಲಿ ಮನೆಯೊಂದರಲ್ಲಿ ಸುಳ್ಳು ಕೊಲೆಯ ಸ್ಥಳ ಸಿದ್ಧಪಡಿಸಿದೆ. ಕೆಂಪು ಬಣ್ಣದ ಕಲೆ, ಹೆಜ್ಜೆ ಗುರುತು, ಒಡೆದ ಬಳೆ. ಮುಂಜಾನೆಯೆಲ್ಲ ಪಾಠ. ಮಾದರಿ ತುಂಬುವ ಬಾಟಲಿ ತೊಳೆದಿರಬೇಕು, ಬಾಯಿ ಅಗಲವಿರಬೇಕು, ಮುಚ್ಚಳ ಬಿಗಿ ಇರಬೇಕು. ಸಿಂಧನೂರಿನ ಒಬ್ಬ ಕಾನ್‌ಸ್ಟೇಬಲ್ ಅದನ್ನು ಬರೆದುಕೊಂಡು ಅಡಿಗೆರೆ ಹಾಕಿದ.

ಊಟವಾದ ಮೇಲೆ ಎಲ್ಲರನ್ನೂ ಆ ಮನೆಗೆ ಕರೆದೊಯ್ದೆ. ನೆಲ ಫಳಫಳ ಹೊಳೆಯುತ್ತಿತ್ತು. ನಟ್ಟನಡುವೆ ದೊಡ್ಡ ರಂಗೋಲಿ.

ಪಕ್ಕದಲ್ಲೇ ವಾಸವಿದ್ದ ಆ ಮನೆಯ ಯಜಮಾನಿ ಸೆರಗು ಸರಿಪಡಿಸಿಕೊಂಡು ಬಂದಳು. "ಇಷ್ಟು ಮಂದಿ ಸಾಹೇಬ್ರು ಬರಾಕತ್ತಾರ, ಮನಿ ಹಂಗ ಹೊಲಸ ಬಿಡಾಕ ಆಕೈತೇನ್ರೀ?"

ಆದರೂ ಪಾಠ ನಿಲ್ಲಬಾರದೆಂದು, ಕಂಡದ್ದನ್ನು ಕಂಡಂತೆ ಬರೆಯಲು ಹೇಳಿದೆ. ಹಾಳೆಗಳನ್ನು ತಿದ್ದುವಾಗ ಒಂದರಲ್ಲಿ ಹೀಗಿತ್ತು: "ಆರೋಪಿಯು ಹೆಂಗಸು. ಕೊಲೆಯ ನಂತರ ಗಡಿಬಿಡಿ ಮಾಡಿಕೊಂಡಿಲ್ಲ."

ಬಿಗಿ ಮುಚ್ಚಳ

ಜವಳಗೇರಾದ ಪೊಟ್ಟಣ ತಂದವನು ಅದೇ ಅಡಿಗೆರೆಯ ಕಾನ್‌ಸ್ಟೇಬಲ್. ಒಂದು ಬಾಟಲಿಯಲ್ಲಿ ಸಾರು, ಬಟ್ಟೆಯಲ್ಲಿ ಕಟ್ಟಿದ, ಆ ಸಾರು ಮಾಡಿದ್ದ ತೊಳೆಯದ ಬೋಗುಣಿ. ಅರಗಿನ ಮುದ್ರೆ ಸರಿ, ಕಾಗದ ಸರಿ. ಇಷ್ಟು ಒಪ್ಪವಾದ ಪೊಟ್ಟಣವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಾರು ಪರೀಕ್ಷಿಸಿದೆ. ಭತ್ತಕ್ಕೆ ಹೊಡೆಯುವ ಕ್ರಿಮಿನಾಶಕ ಸ್ಪಷ್ಟವಾಗಿ ಸಿಕ್ಕಿತು. ನನಗೆ ಆಶ್ಚರ್ಯವಾಗಲಿಲ್ಲ. ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯಕ್ಕೆ ಇನ್ನೊಂದು ಪುರಾವೆ, ಅಷ್ಟೇ. ಇನ್ನು ಬೋಗುಣಿ ಯಾಕೆ ಎಂದು ಬದಿಗಿಟ್ಟು ವರದಿ ಬರೆದೆ. ಸಹಿಯೊಂದು ಬಾಕಿ.

ಮೇಜು ಒರೆಸಲು ಬಂದ ಖಾಲಾ ಬಾಟಲಿ ನೋಡಿ ನಿಂತರು. "ಸಾಹೇಬ್ರ, ಇದರಾಗ ಸಾರು ಹಾಕಿದ ಶಾಣ್ಯಾ ಯಾರ್ರೀ?"

"ಯಾಕೆ?"

"ಇದು ಎಣ್ಣಿ ಬಾಟ್ಲಿ. ಭತ್ತಕ್ಕ ಹೊಡಿಯೋ ಎಣ್ಣಿ. ಅಂಗಡ್ಯಾಗ ದಿನಾ ಒರಸಿ ಇಡತಿದ್ದೆ. ಚೀಟಿ ಕಿತ್ತಾರ, ಮುಚ್ಚಳ ಅದ ಐತಿ ನೋಡ್ರಿ."

ಪೆನ್ನು ಕೆಳಗಿಟ್ಟೆ. ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿದೆ.

"ಹೌದ್ರೀ ಸರ," ಎಂದ ಹೆಮ್ಮೆಯಿಂದ. "ಅಗಲ ಬಾಯಿ, ಬಿಗಿ ಮುಚ್ಚಳ ಅಂತ ನೀವ ಹೇಳಿದ್ರಲ್ರೀ. ಊರೆಲ್ಲ ಹುಡುಕಿದೆ, ಕಡೀಕ ಗದ್ದಿ ಬದುವಿನ್ಯಾಗ ಸಿಕ್ತು. ಸೋಪು ಹಚ್ಚಿ ಮೂರು ಸಲ ತೊಳದೀನ್ರೀ."

ಬದಿಗಿಟ್ಟಿದ್ದ ಬೋಗುಣಿಯನ್ನು ಹತ್ತಿರ ಎಳೆದುಕೊಂಡೆ. ಅತ್ತ ಕಡೆಯಿಂದ ಆತಂಕದ ದನಿ: "ಯಾಕ್ರೀ ಸರ, ಸಾರಿನ್ಯಾಗ ಸೋಪು ಬಂತೇನ್ರೀ?"

ಸೋಮವಾರ

ಬೋಗುಣಿಯ ತಳದಲ್ಲಿ ಅಂಟಿದ್ದ ಸಾರನ್ನು ಪರೀಕ್ಷಿಸಿದೆ. ವಿಷವಿಲ್ಲ. ಮತ್ತೆ ಮಾಡಿದೆ. ವಿಷವಿಲ್ಲ. ನನ್ನ ಮೇಲೆ ನಂಬಿಕೆ ಕಡಿಮೆಯಾಗಿದ್ದರಿಂದ ಮೂರನೇ ಸಲವೂ ಮಾಡಿದೆ. ಬಾಟಲಿಯ ಕಥೆಯನ್ನೂ ಸೇರಿಸಿ ವರದಿ ಕಳಿಸಿದೆ.

ಮುಂದಿನದು ಕಾನ್‌ಸ್ಟೇಬಲ್ ಹೇಳಿದ್ದು. ಪಿಎಸ್‌ಐ ಜವಳಗೇರಾಕ್ಕೆ ಹೋಗಿ ಅತ್ತೆಯನ್ನು ಕೇಳಿದರಂತೆ: "ಯವ್ವಾ, ಸಾರಿನ್ಯಾಗ ವಿಷ ಇಲ್ಲ. ಅವತ್ತು ಬ್ಯಾರೆ ಏನು ತಿಂದಿದ್ದಿ?"

"ಶ್ರಾವಣ ಸೋಮವಾರ ರೀ, ಒಪ್ಪತ್ತು ಇದ್ದೆ. ಸಂಜೀಕ ಆ ಸಾರು ಉಂಡದ್ದ ಬಿಟ್ಟರ ಒಂದು ಹನಿ ನೀರು ಸೈತ ಮುಟ್ಟಿಲ್ಲ."

ಬಾಗಿಲಲ್ಲಿ ನಿಂತಿದ್ದ ಅದೇ ಊರಿನ ಆಟೋದವನೊಬ್ಬ ಸುಮ್ಮನಿರಲಿಲ್ಲ. "ಯಾಕಬೇ, ಅವತ್ತ ಮಧ್ಯಾಹ್ನ ಸಿಂಧನೂರಾಗ ನನ್ನ ಆಟೋದಾಗ ಕುಂತು ಎಂಟು ಮಿರ್ಚಿ ಭಜಿ ತಿಂದಿಯಲ್ಲ?"

ಮುದುಕಿ ಸಿಡಿದಳು: "ಆರು! ಎರಡು ನೀ ತಿಂದಿದ್ದಿ!"

ವರದಿ

ಒಪ್ಪತ್ತು ಮುರಿದದ್ದನ್ನು ಒಪ್ಪಿಕೊಳ್ಳಲು ದೇವರಿಗೆ ಹೆದರಿ ತಪ್ಪನ್ನು ಸೊಸೆಯ ಮೇಲೆ ಹಾಕಿದ್ದಳು, ಅಷ್ಟೇ. ಪ್ರಕರಣ ಮುಗಿಯಿತು. ಅತ್ತೆಯೇ ಸೊಸೆಯ ತವರಿಗೆ ಹೋಗಿ ಅವಳನ್ನು ಕರೆದಳು. ಸೊಸೆ ಒಂದು ಕರಾರು ಹಾಕಿದಳಂತೆ: ಸಿಂಧನೂರಿನಲ್ಲಿ ಖಾನಾವಳಿ ಹಾಕಬೇಕು, ಅತ್ತೆ ಬಂದು ಅಲ್ಲಿ ಕೂತು ದುಡಿಯಬೇಕು.

ಆ ಸಹಿ ಹಾಕಿದ್ದರೆ ತಪ್ಪು ಮಾಡದ ಹೆಂಗಸೊಬ್ಬಳು ನನ್ನ ಕೈಯಿಂದ ಜೈಲು ಸೇರುತ್ತಿದ್ದಳು. ಆ ಕೈ ತಡೆದವರು ಏಳನೇ ತರಗತಿಗೆ ಶಾಲೆ ಬಿಟ್ಟ ಖಾಲಾ. ನಾನು ಸುಲಭಕ್ಕೆ ಕೈಮುಗಿಯುವವನಲ್ಲ. ಅವತ್ತು ಮುಗಿದೆ. "ಇರ್ಲಿ ಬಿಡ್ರಿ ಸಾಹೇಬ್ರ, ನೀವು ಬಾಟ್ಲಿ ಓದಿಲ್ಲ, ಬರೇ ಬುಕ್ಕು ಓದೀರಿ" ಎಂದರು. ಅವರ ಗುತ್ತಿಗೆ ಮುಂದುವರಿಸಬೇಕೆಂದು ಮೇಲಿನವರಿಗೆ ಬರೆದೆ. ನನಗೆ ನಾನೇ ಬರೆದ ಪತ್ರವಲ್ಲವಾದ್ದರಿಂದ ಉತ್ತರ ಬಂತು. ಖಾಲಾ ಈಗಲೂ ಇದ್ದಾರೆ.

ಈಚೆಗೆ ಸಾಕ್ಷಿ ಹೇಳಲು ಸಿಂಧನೂರಿನ ಕೋರ್ಟಿಗೆ ಹೋಗಿದ್ದೆ. ಮಧ್ಯಾಹ್ನ ಕಾನ್‌ಸ್ಟೇಬಲ್ ಒತ್ತಾಯ ಮಾಡಿ ಆ ಖಾನಾವಳಿಗೆ ಕರೆದೊಯ್ದ. ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಲ್ಯಾಮಿನೇಷನ್ ಮಾಡಿಸಿದ ನನ್ನ ವರದಿ. "ವಿಷ ಪದಾರ್ಥ ಕಂಡುಬಂದಿರುವುದಿಲ್ಲ" ಎಂಬ ಸಾಲಿಗೆ ಹಳದಿ ಬಣ್ಣ ಬಳಿದಿದ್ದರು. ಕೆಳಗೆ ನನ್ನ ಸಹಿ, ಸರ್ಕಾರದ ಮೊಹರು.

"ಇಡೀ ತಾಲ್ಲೂಕಿನ್ಯಾಗ ಸರ್ಕಾರ ಪಾಸ್ ಮಾಡಿದ ಸಾರು ನಂದೊಂದ ರೀ" ಎಂದು ಸೊಸೆ ನನ್ನ ತಾಟಿಗೆ ಎರಡು ಸೌಟು ಹೆಚ್ಚಿಗೆ ಹಾಕಿದಳು. ಉಂಡೆ. ನನ್ನ ಇಷ್ಟು ವರ್ಷದ ಚಾಕರಿಯಲ್ಲಿ ವರದಿಯೊಂದು ಇಷ್ಟು ರುಚಿಯಾಗಿದ್ದು ಅದೇ ಮೊದಲು.

ಅಷ್ಟರಲ್ಲಿ ಇಬ್ಬರು ಹೊಸ ಗಿರಾಕಿಗಳು ಒಳಗೆ ಬಂದು, ಗೋಡೆಯ ಮೇಲಿನ ವರದಿ ಓದಿ, ಮುಖ ಮುಖ ನೋಡಿಕೊಂಡು, ಮೆಲ್ಲಗೆ ಹಿಂದೆ ಸರಿದರು. ಬಾಗಿಲ ಬಳಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅತ್ತೆ ಚಾಕು ಎತ್ತಿ ದಾರಿ ತಡೆದಳು:

"ಎಲ್ಲಿಗೆ ಹೊಂಟೀರಿ? ಕುಂದರ್ರಿ! ನಾನ ಉಂಡು ಬದಕೀನಿ, ನಿಮಗೇನಾಕೈತಿ?"