ಯಾರಿಗೆ ಆಗಿಬಂತು ವಜ್ರ

ನಮ್ಮ ಅಪ್ಪ ಪೇಟೆಗೆ ಹೋಗಿ ಬರೀ ಸಾಮಾನು ತಂದ ದಿನವೇ ಇಲ್ಲ, ಜೊತೆಗೊಂದು ಕಥೆಯನ್ನೂ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಕೊಡೆ ಕೊಳ್ಳಲು ಹೋಗಿ, ಎಂಟಾಣೆಗೆ ಜಗಳವಾಡಿ, ಕೊಡೆಯನ್ನು ಅಂಗಡಿಯಲ್ಲೇ ಬಿಟ್ಟು ತೊಪ್ಪನೆ ನೆನೆದುಕೊಂಡು ಬಂದ ಮಹಾನುಭಾವರು. ಇಂಥವರು ನನ್ನ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಕೊಳ್ಳಲು ಹೊರಟರೆ ಏನೇನಾಗಬೇಡ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಮುಳಬಾಗಿಲು ತಾಲ್ಲೂಕಿನಲ್ಲಿ, ದೇವರಾಯಸಮುದ್ರದ ಹತ್ತಿರದ ಹಳ್ಳಿ. ರಾಗಿ, ಹಿಪ್ಪುನೇರಳೆ, ಒಂದು ಜೊತೆ ಎತ್ತು, ಇಷ್ಟೇ ನಮ್ಮ ಆಸ್ತಿ. ಹುಡುಗ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅವರು ನನ್ನನ್ನು ನೋಡಲು ಬಂದ ದಿನ ಅಮ್ಮ ಗಾಬರಿಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದಳು. ಬಂದವರೆಲ್ಲ ತಟ್ಟೆ ನೋಡಿಕೊಂಡು ಕೂತರೆ, ಹುಡುಗ ಮಾತ್ರ ಸದ್ದಿಲ್ಲದೆ ಪೂರ್ತಿ ತಿಂದು, ಚೆನ್ನಾಗಿದೆ ಎಂದು ಹೇಳಿ, ಒಂದು ಚೊಂಬು ನೀರು ಕುಡಿದರು. ನನಗೆ ಅಲ್ಲೇ ಇಷ್ಟವಾಗಿಬಿಟ್ಟರು. ಇವರನ್ನು ಬಿಟ್ಟು ಇನ್ಯಾರೂ ಬೇಡ ಅನ್ನಿಸಿತು.

ಆದರೆ ಆ ಮನೆಯ ಯಜಮಾನಿಕೆ ಹುಡುಗನ ಅಜ್ಜಿಯದು. ಅಜ್ಜಿ ಎಲ್ಲಕ್ಕೂ ಒಪ್ಪಿ ಒಂದೇ ಒಂದು ಮಾತಿಟ್ಟರು. ನಿಶ್ಚಿತಾರ್ಥದಲ್ಲಿ ಹುಡುಗನ ಬೆರಳಿಗೆ ವಜ್ರದ ಉಂಗುರ ಬೀಳಬೇಕು. ತಮ್ಮ ಯಜಮಾನರಿಗೂ ಹಾಗೇ ಹಾಕಿದ್ದರಂತೆ, ಮನೆ ಏಳಿಗೆಯಾದದ್ದೇ ಆ ಕಲ್ಲಿನಿಂದಂತೆ. ಆಷಾಢ ಹುಟ್ಟುವುದರೊಳಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಶ್ರೀನಿವಾಸಪುರದ ಮಾವಿನತೋಟದವರು ಇನ್ನೊಂದು ಹೆಣ್ಣು ತೋರಿಸಲು ಕಾಯುತ್ತಿದ್ದಾರೆ ಎಂದೂ ಸೇರಿಸಿದರು. ನನಗೆ ಆವತ್ತಿನಿಂದ ಮಾವಿನಹಣ್ಣು ಕಂಡರೆ ಸಿಟ್ಟು.

ಟವೆಲ್ಲಿನೊಳಗಿನ ವ್ಯಾಪಾರ

ಕೋಲಾರದ ಪೇಟೆಯಲ್ಲಿ ನಮಗೆ ಗೊತ್ತಿದ್ದ ಶೆಟ್ಟರೊಬ್ಬರ ಒಡವೆ ಅಂಗಡಿ ಇತ್ತು. ಅಮ್ಮನ ತಾಳಿಯಿಂದ ನನ್ನ ಓಲೆಯವರೆಗೆ ಎಲ್ಲ ಅಲ್ಲಿಯದೇ. ಶೆಟ್ಟರು ಬಹಳ ನಿಧಾನಸ್ಥರು. ಅಂಗಡಿಗೆ ಬೆಂಕಿ ಬಿದ್ದರೂ ಮೊದಲು ಕನ್ನಡಕ ಒರೆಸಿಕೊಂಡು, ಆಮೇಲೆ ನೀರು ಹುಡುಕುವಂಥವರು. ಅಪ್ಪ, ಅಮ್ಮ, ನಾನು ಮೂವರೂ ಹೋದೆವು. ಕೋಲಾರದಲ್ಲೇ ಸೈಕಲ್ ಶಾಪ್ ಇಟ್ಟಿದ್ದ ನನ್ನ ಸೋದರಮಾವ ಬಸ್‌ಸ್ಟ್ಯಾಂಡಿನಲ್ಲಿ ಸೇರಿಕೊಂಡರು. ಮಾವ ಅಭಿಪ್ರಾಯ ಹೇಳದ ವಿಷಯವೇ ಪ್ರಪಂಚದಲ್ಲಿರಲಿಲ್ಲ. ನಿಜವಾಗಿ ಗೊತ್ತಿದ್ದದ್ದು ಸೈಕಲ್ ಒಂದೇ.

ಶೆಟ್ಟರು ಕೆಂಪು ಡಬ್ಬಿ ತೆರೆದು ಉಂಗುರವೊಂದನ್ನು ಮುಂದಿಟ್ಟರು. ಅಪ್ಪ ಬೆಲೆ ಕೇಳಲಿಲ್ಲ. ನಾಲ್ಕು ಜನರೆದುರು ಬಾಯಿಬಿಟ್ಟು ಬೆಲೆಯಾಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಅವರ ಅಭಿಪ್ರಾಯ. ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಮಾಡುವಂತೆ, ಹೆಗಲ ಮೇಲಿನ ಟವೆಲ್ ತೆಗೆದು ಶೆಟ್ಟರ ಕೈಗೆ ಹೊದಿಸಿ, ಅದರೊಳಗೆ ತಮ್ಮ ಕೈ ತೂರಿಸಿ ಬೆರಳು ಹಿಡಿದರು. ಇಷ್ಟು ಬೆರಳು ಹಿಡಿದರೆ ಇಷ್ಟು ಬೆಲೆ ಅಂತ ಲೆಕ್ಕ. ಪಕ್ಕದಲ್ಲಿ ಕಾಲುಂಗುರ ನೋಡುತ್ತಿದ್ದ ಹೆಂಗಸರು ಕಾಲುಂಗುರ ಬಿಟ್ಟು ಇವರನ್ನೇ ನೋಡತೊಡಗಿದರು.

ಶೆಟ್ಟರು ಕೈ ಹಿಂದಕ್ಕೆ ಎಳೆಯಲಿಲ್ಲ. ಗಿರಾಕಿ ದೇವರು ಟವೆಲ್ ಹೊದಿಸಿದರೆ ಹೊದ್ದುಕೊಳ್ಳಬೇಕಲ್ಲ. ಅವರು ಐದು ಬೆರಳು ಕೊಟ್ಟರು, ಅಪ್ಪ ಎರಡು ಹಿಡಿದರು. ಟವೆಲ್ ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿತು. ಕೊನೆಗೆ ಮೂರು ಬೆರಳಿಗೆ ಒಪ್ಪಂದವಾಗಿ ಇಬ್ಬರ ಮುಖವೂ ಅರಳಿತು. ಅಪ್ಪ ಎದೆಯುಬ್ಬಿಸಿ ಒಳಜೇಬಿನಿಂದ ಮುನ್ನೂರು ರೂಪಾಯಿ ತೆಗೆದಿಟ್ಟರು.

ಶೆಟ್ಟರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಎತ್ತಿನ ಲೆಕ್ಕದಲ್ಲಿ ಬೆರಳಿಗೆ ನೂರು. ಅವರು ಹೇಳಿದ್ದು ಬೆರಳಿಗೆ ಸಾವಿರ.

"ಗೌಡ್ರೇ, ಈ ಬೆಲೆಗೆ ಡಬ್ಬಿ ಕೊಡ್ತೀನಿ, ತಗೊಂಡ್ಹೋಗಿ. ಉಂಗುರ ನಮ್ಮ ಹತ್ರಾನೇ ಇರ್ಲಿ" ಎಂದರು.

ಗಡಿಯಾಚೆಯ ಹೊಲ

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಆಗ ಜೊತೆಗೇ ಹೊರಟಿದ್ದ ಮಾವ ಒಂದು ದಾರಿ ಹೇಳಿದರು. ಕರ್ನೂಲಿನ ಕಡೆ ವಜ್ರ ಹೊಲದಲ್ಲೇ ಬಿದ್ದಿರುತ್ತಂತೆ, ಜನ ಹೋಗಿ ಆರಿಸಿಕೊಳ್ಳುತ್ತಾರಂತೆ. ರಾಯಲ್ಪಾಡಿನಲ್ಲಿ ಮಾವಿನ ವ್ಯಾಪಾರಿಯೊಬ್ಬ ಕಣ್ಣಾರೆ ಕಂಡು ಬಂದು ಹೇಳಿದ್ದಂತೆ. ಪುಕ್ಕಟೆ ಸಿಗುವುದಕ್ಕೆ ಶೆಟ್ಟರಿಗೇಕೆ ಕೈ ಒಡ್ಡಬೇಕು ಎಂದು ಇಬ್ಬರೂ ಬುತ್ತಿ ಕಟ್ಟಿಸಿಕೊಂಡು ಹೊರಟೇಬಿಟ್ಟರು. ಮಾತಿಗೇನೂ ತೊಂದರೆಯಿಲ್ಲ, ನಮ್ಮ ಕಡೆಯವರಿಗೆ ಕನ್ನಡದಷ್ಟೇ ತೆಲುಗೂ ಬರುತ್ತದೆ.

ಆ ಸೀಮೆಯ ಹೊಲವೊಂದರಲ್ಲಿ ಇಬ್ಬರೂ ಪಂಚೆ ಎತ್ತಿ ಕಟ್ಟಿಕೊಂಡು, ಬಗ್ಗಿ, ಬಿಸಿಲಲ್ಲಿ ಮಿನುಗಿದ್ದನ್ನೆಲ್ಲ ಆರಿಸಿ ಟವೆಲ್ಲಿಗೆ ತುಂಬಿದರಂತೆ. ಹೊಲದ ರೈತ ಬದುವಿನ ಮೇಲೆ ಕೂತು ಬೀಡಿ ಸೇದುತ್ತಾ ತುಂಬ ಹೊತ್ತು ನೋಡಿದನಂತೆ. ಬೀಡಿ ಮುಗಿದ ಮೇಲೆ ಕೇಳಿದನಂತೆ, "ವಾನ ಪಡ್ಲೇದು ಕದನ್ನಾ, ವಜ್ರಂ ಎಕ್ಕಡ್ನುಂಚಿ ವಸ್ತುಂದಿ?" ಮಳೆಯೇ ಬಿದ್ದಿಲ್ಲವಲ್ಲಣ್ಣ, ವಜ್ರ ಎಲ್ಲಿಂದ ಬರುತ್ತೆ ಅಂತ. ಮಳೆ ಬಂದು ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಮಾತ್ರ ಅಲ್ಲಿ ಜನ ಹುಡುಕಲು ಬರುತ್ತಾರಂತೆ. ಅದೂ ಸಿಕ್ಕುವುದು ಎಲ್ಲೋ ಒಬ್ಬ ಪುಣ್ಯವಂತನಿಗೆ.

ಹೊತ್ತು ತಂದ ಮೇಲೆ ಬಿಸಾಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅಮ್ಮ ಆ ಹರಳುಗಳನ್ನು ಹಿತ್ತಿಲಲ್ಲಿ ಅಲ್ಲಾಡುತ್ತಿದ್ದ ಒರಳುಕಲ್ಲಿನ ಬುಡಕ್ಕೆ ಒತ್ತಾಗಿ ಕೊಟ್ಟಳು. ನನ್ನ ತವರಿನ ಒರಳು ಇವತ್ತಿಗೂ ವಜ್ರದ ಗಣಿಯ ಮೇಲೆ ಕೂತಿದೆ.

ಮೊದಲನೆಯ ಕಲ್ಲು

ಅಪ್ಪ ಮತ್ತೆ ಶೆಟ್ಟರ ಅಂಗಡಿಗೇ ಬಂದರು. ಶೆಟ್ಟರು ಏನೂ ನಡೆದೇ ಇಲ್ಲವೆಂಬಂತೆ ಕಾಫಿ ತರಿಸಿದರು. ಬೆಲೆಯ ಮಾತು ಆಮೇಲಾಗಲಿ, ಮೊದಲು ಕಲ್ಲನ್ನು ಮನೆಗೆ ಒಯ್ದು ನೋಡಿ ಎಂದರು. ಇದು ನಮ್ಮ ಕಡೆ ಮೊದಲಿನಿಂದ ಬಂದದ್ದು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ. ಕೆಲವು ಕಲ್ಲು ಮನೆ ಉದ್ಧಾರ ಮಾಡುತ್ತವೆ, ಕೆಲವು ಮನೆ ಮುಳುಗಿಸುತ್ತವೆ. ಅದಕ್ಕೇ ಗೊತ್ತಿರುವ ಗಿರಾಕಿಗೆ ನಂಬಿಕೆಯ ಮೇಲೆ ಬಿಡಿ ಕಲ್ಲನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ಅದನ್ನು ದೇವರ ಗೂಡಿನಲ್ಲಿಟ್ಟು ಎರಡು ಮೂರು ದಿನ ಮನೆಯಲ್ಲಿ ಏನೇನಾಗುತ್ತದೆ ಎಂದು ನೋಡಬೇಕು.

ಮೊದಲನೆಯ ಕಲ್ಲು ಮನೆ ಹೊಕ್ಕ ದಿನವೇ ಎಡಗಡೆಯ ಎತ್ತು ಕುಂಟಿತು. ಮಾರನೆಯ ದಿನ ಬೆಕ್ಕು ಹಾಲಿನ ಪಾತ್ರೆ ಉರುಳಿಸಿತು. ಅದೇ ಮಧ್ಯಾಹ್ನ ಅಪ್ಪನ ದೊಡ್ಡಮ್ಮನ ಮಗಳು, ಹೇಳದೆ ಕೇಳದೆ, ಗಂಡ ಮಕ್ಕಳು ಸಮೇತ ಬಂದಿಳಿದಳು. ಹೊರಡುವ ಮಾತೇ ಎತ್ತಲಿಲ್ಲ. ಬೆಕ್ಕು ದಿನಾ ಉರುಳಿಸುತ್ತದೆ, ನೆಂಟರು ಪ್ರತಿ ವರ್ಷ ಬರುತ್ತಾರೆ ಎಂದು ನಾನು ಹೇಳಿ ನೋಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್ಪ ಪೊಟ್ಟಣ ಹಿಡಿದು ಕೋಲಾರಕ್ಕೆ ಓಡಿದರು. ಆದರೂ ಅವರೊಳಗಿನ ವ್ಯಾಪಾರಿ ಮಲಗಿರಲಿಲ್ಲ. ಇಷ್ಟೆಲ್ಲ ನಷ್ಟ ಮಾಡಿದ ಕಲ್ಲು, ಆ ನಷ್ಟ ಕಳೆದು ಒಂದು ನ್ಯಾಯವಾದ ಬೆಲೆ ಹೇಳಿದರೆ ಹೇಗಾದರೂ ಸಹಿಸಿಕೊಳ್ಳಬಹುದು ಎಂದು ಶೆಟ್ಟರಿಗೆ ಸೂಚಿಸಿದರು.

ಶೆಟ್ಟರು ಪೊಟ್ಟಣವನ್ನು ನಿಧಾನವಾಗಿ ಪೆಟ್ಟಿಗೆಗೆ ಸೇರಿಸಿದರು. "ಬೇಡಿ ಗೌಡ್ರೇ. ಕಲ್ಲು ವಾಪಸ್ ತಗೊಳ್ತೀನಿ, ನೆಂಟರನ್ನ ಮಾತ್ರ ತಗೊಳೋಕಾಗಲ್ಲ."

ಎರಡನೆಯ ಕಲ್ಲು

ಎರಡನೆಯ ಕಲ್ಲು ಬಂತು. ಬಂದ ದಿನ ಸಂಜೆಯೇ ನೆಂಟರು ತಾವಾಗಿ ಹೊರಟರು. ಅಮ್ಮ ಕೂಡಲೇ ದೇವರ ಗೂಡಿನ ಮುಂದೆ ಇನ್ನೊಂದು ದೀಪ ಹಚ್ಚಿದಳು. ಎತ್ತಿನ ಕಾಲು ಸರಿಹೋಯಿತು. ಆ ಸಲದ ರೇಷ್ಮೆಹುಳು ಒಂದೂ ಕಾಯಿಲೆ ಬೀಳದೆ ಗೂಡು ಕಟ್ಟಿ, ಗೂಡಿಗೆ ಅಪ್ಪ ಕಂಡು ಕೇಳದ ಬೆಲೆ ಸಿಕ್ಕಿತು. ಕಲ್ಲು ಒಳ್ಳೆಯದೆಂದು ಎಲ್ಲೂ ಬಾಯಿಬಿಡಬೇಡಿ, ಶೆಟ್ಟರ ಕಿವಿಗೆ ಬಿದ್ದರೆ ಬೆಲೆ ಏರಿಸುತ್ತಾರೆ ಎಂದು ಅಪ್ಪ ಮನೆಮಂದಿಗೆಲ್ಲ ಆಣೆ ಹಾಕಿಸಿದರು. ನನಗೋ ಹಿಡಿಸಲಾರದಷ್ಟು ಸಂತೋಷ. ಮಾಲೂರು ಇನ್ನೇನು ಕೈಗೆಟುಕಿತು ಅಂದುಕೊಂಡೆ.

ಆದರೆ ಅಪ್ಪ ಉಂಗುರದ ಮಾತೇ ಎತ್ತಲೊಲ್ಲರು. ಬೆಳಿಗ್ಗೆ ಎದ್ದು ಪೊಟ್ಟಣಕ್ಕೆ ಕೈ ಮುಗಿಯುವುದು, ಸುಮ್ಮನೆ ತೋಟಕ್ಕೆ ಹೋಗುವುದು. ಕೊನೆಗೆ ಅಮ್ಮ ಕೇಳಿಯೇಬಿಟ್ಟಳು.

ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರು, "ಅಲ್ಲ ಕಣೇ, ಇಷ್ಟು ಒಳ್ಳೇ ಕಲ್ಲನ್ನ ಯಾರಾದ್ರೂ ಬೇರೆ ಮನೆಗೆ ಕೊಡ್ತಾರಾ?"

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಸಾಕಿ ಬೆಳೆಸಿದ ಮಗಳನ್ನು ಬೇರೆ ಮನೆಗೆ ಕೊಡಲು ತಯಾರು, ಮೊನ್ನೆ ಬಂದ ಕಲ್ಲನ್ನು ಕೊಡಲು ಸಂಕಟ. ಆ ಮಧ್ಯಾಹ್ನ ಅಪ್ಪನಿಗೆ ಸಾರಿಲ್ಲದೆ ಬರೀ ಮುದ್ದೆ ಬಡಿಸಿದೆ. ಅಪ್ಪ ಅದನ್ನೂ ತಿಂದು, ಕಲ್ಲು ಬಂದ ಮೇಲೆ ಮನೆಯಲ್ಲಿ ಖರ್ಚು ಕಡಿಮೆಯಾಗಿದೆ ಎಂದರು.

ಅಜ್ಜಿಯ ಪರೀಕ್ಷೆ

ದಾರಿ ತೋರಿಸಿದವಳು ಅಮ್ಮ. ಉಂಗುರ ಹಾಕಿಕೊಳ್ಳುವವರು ಮಾಲೂರಿನಲ್ಲಿದ್ದರೆ ಪರೀಕ್ಷೆ ಮುಳಬಾಗಿಲಿನಲ್ಲಿ ಯಾಕೆ, ಕಲ್ಲು ಆಗಿಬರಬೇಕಾದ್ದು ಆ ಮನೆಗೆ ತಾನೇ ಎಂದಳು. ಮಾವ ಪೊಟ್ಟಣವನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು. ಮಾಲೂರಿನವರೆಗೂ ಸೊಂಟದಿಂದ ಕೈ ತೆಗೆಯಲಿಲ್ಲ. ಹೊಟ್ಟೆನೋವೇನೋ ಅಂದುಕೊಂಡು ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟನಂತೆ.

ಕಲ್ಲು ಮಾಲೂರು ಸೇರಿತು. ದಿನ ಕಳೆದವು, ಅಲ್ಲಿಂದ ಸುದ್ದಿಯಿಲ್ಲ. ಆಗಿಬಂತು ಎನ್ನಲೊಲ್ಲರು, ಬರಲಿಲ್ಲ ಎಂದೂ ಅನ್ನಲೊಲ್ಲರು. ನನಗೆ ಊಟ ಸೇರುತ್ತಿರಲಿಲ್ಲ. ಆಷಾಢ ಹತ್ತಿರ ಬಂತೆಂದು ಅಪ್ಪ ಶೆಟ್ಟರಲ್ಲಿ ಚಿನ್ನದ ಉಂಗುರ ಮಾಡಿಸಿದರು, ನಡುವೆ ಕಲ್ಲು ಕೂರಲು ಗುಂಡಿ ಮಾತ್ರ ಬಿಡಿಸಿದರು. ನಿಶ್ಚಿತಾರ್ಥದ ದಿನ ಅವರು ಕಲ್ಲು ತರುವುದು, ನಮ್ಮೂರ ಆಚಾರಿ ಅಲ್ಲೇ ಕೂತು ಅದನ್ನು ಕೂರಿಸುವುದು ಎಂದು ತೀರ್ಮಾನ. ಉಂಗುರ ಕೊಡುವಾಗ ಶೆಟ್ಟರು ಕನ್ನಡಕ ಒರೆಸಿಕೊಂಡು, "ಕಲ್ಲಿನ ಲೆಕ್ಕ ಆಮೇಲೆ ನೋಡೋಣ ಬಿಡಿ ಗೌಡ್ರೇ" ಎಂದು ನಕ್ಕರಂತೆ. ಶೆಟ್ಟರು ನಕ್ಕದ್ದನ್ನು ಅಪ್ಪ ನೋಡಿದ್ದು ಅದೇ ಮೊದಲು. ಅದಕ್ಕೇ ಇನ್ನಷ್ಟು ಹೆದರಿಕೊಂಡು ಮನೆಗೆ ಬಂದರು.

ಆ ದಿನ ಬಂತು. ನಾನು ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಿದ್ದೆ. ಆಚಾರಿ ಮೂಲೆಯಲ್ಲಿ ಚಿಮಟ ಹಿಡಿದು ಕಾಯುತ್ತಿದ್ದ. ಮಾಲೂರಿನವರು ಬಂದರು, ಎಲ್ಲರಿಗಿಂತ ಮುಂದೆ ಅಜ್ಜಿ. ಪುರೋಹಿತರು ಉಂಗುರ ಎತ್ತಿ ನೋಡಿ, ಗುಂಡಿ ಕಂಡು, ಕಲ್ಲೆಲ್ಲಿ ಎಂದು ಕೇಳಿದರು. ಅಪ್ಪ ಅಜ್ಜಿಯ ಕಡೆ ನೋಡಿದರು. ನೋಡಿದವರು ನೋಡುತ್ತಲೇ ಉಳಿದರು. ಇದೇನು ಮಾತೇ ಇಲ್ಲವಲ್ಲ ಎಂದು ನಾನೂ ಮೆಲ್ಲಗೆ ತಲೆಯೆತ್ತಿದೆ.

ಕಲ್ಲು ಅಜ್ಜಿಯ ಮೂಗಿನಲ್ಲಿತ್ತು.

ಹಳೆಯ ಕೆಂಪುಕಲ್ಲಿನ ಮೂಗುಬೊಟ್ಟಿನ ಜಾಗದಲ್ಲಿ, ಕಿಟಕಿಯ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಅಜ್ಜಿ ಸ್ವಲ್ಪವೂ ಅಳುಕದೆ ಹೇಳಿದರು, "ಏನಪ್ಪಾ ನೋಡ್ತೀರ? ಕಲ್ಲು ನಮ್ಮನೆಗೆ ಬಂದ ದಿನವೇ ನನ್ನ ಮಂಡಿನೋವು ಹೋಯ್ತು. ಆಗಿಬಂದದ್ದು ನನಗೆ, ಅವನಿಗೆ ಹೆಂಗೆ ಹಾಕಲಿ? ನಮ್ಮನೆ ಗಂಡಸರಿಗೆಲ್ಲ ವಜ್ರ, ನಾನು ಮಾತ್ರ ಬಂದಾಗಿನಿಂದ ಕೆಂಪುಕಲ್ಲು. ಅದೂ ಅಲ್ದೆ ಬಂಗಾರದಂಥ ಹುಡುಗ, ಅವನಿಗೆ ಕಲ್ಲು ಯಾಕೆ?"

ಪುರೋಹಿತರು ಉಂಗುರವನ್ನು ಅಪ್ಪನ ಕೈಗಿಟ್ಟರು. ಆಚಾರಿ ಚಿಮಟ ಚೀಲಕ್ಕೆ ಸೇರಿಸಿದ. ಹುಡುಗ ಕೈ ಮುಂದೆ ಚಾಚಿದರು. ಗುಂಡಿಯಿದ್ದ ಆ ಉಂಗುರವನ್ನೇ ಅಪ್ಪ ತೊಡಿಸಿದರು. ಉಪ್ಪಿಟ್ಟು ತಿಂದ ದಿನದಂತೆಯೇ ಅವರು ಅದನ್ನು ನೋಡಿಕೊಂಡು, ಚೆನ್ನಾಗಿದೆ ಎಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ತಾಂಬೂಲ ಬದಲಾಯಿಸಿದ ಮೇಲೆ ಅಪ್ಪ ಮೆಲ್ಲಗೆ ಅಜ್ಜಿಯ ಬಳಿ ಕಲ್ಲಿನ ಬೆಲೆಯ ಮಾತು ತೆಗೆದರು. ಅದರ ಯೋಚನೆ ಬೇಡ, ಕೋಲಾರಕ್ಕೆ ಹೋಗಿ ಶೆಟ್ಟರು ಕೇಳಿದಷ್ಟೂ ಕೊಟ್ಟು ಬಂದಿದ್ದೇನೆ ಎಂದರು ಅಜ್ಜಿ. ಬೇರೆ ಯಾರಾದರೂ ಆಗಿದ್ದರೆ ಖರ್ಚು ಉಳಿಯಿತೆಂದು ಕುಣಿದಾಡುತ್ತಿದ್ದರು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. "ಕೇಳಿದಷ್ಟೂ ಕೊಟ್ರಾ? ಅಯ್ಯೋ ಅಮ್ಮಾ, ನನ್ನ ಟವೆಲ್ ಆದ್ರೂ ಇಸ್ಕೊಂಡ್ಹೋಗಬಾರ್ದಿತ್ತಾ?"

ಎಷ್ಟೋ ವರ್ಷದ ಮೇಲೆ ಅಜ್ಜಿ ಕಣ್ಣುಮುಚ್ಚುವ ಮುಂಚೆ ಆ ಮೂಗುಬೊಟ್ಟನ್ನು ತಮ್ಮ ಕೈಯಾರೆ ನನಗೆ ಹಾಕಿ ಹೋದರು. ನನ್ನವರ ಉಂಗುರದ ಗುಂಡಿ ಮಾತ್ರ ಹಾಗೇ ಇದೆ. ಮುದ್ದೆ ತಿಂದ ದಿನವೆಲ್ಲ ಅದರಲ್ಲಿ ರಾಗಿ ಸೇರಿಕೊಳ್ಳುತ್ತದೆ. ಊಟವಾದ ಮೇಲೆ ಜಗುಲಿಯಲ್ಲಿ ಕೂತು, ಪೊರಕೆಕಡ್ಡಿಯಿಂದ ಅದನ್ನು ಬಿಡಿಸುತ್ತಾ, ನನ್ನ ಮೂಗಿನ ಕಡೆ ನೋಡಿ ಅವರು ಈಗಲೂ ಹೇಳುವುದುಂಟು:

"ನನ್ನ ಉಂಗುರ ಚೆನ್ನಾಗಿ ಹೊಳೀತಾ ಇದೆ ಕಣೇ. ನೆಗಡಿ ಬಂದಾಗ ಸ್ವಲ್ಪ ಜೋಪಾನ."