ಪ್ರಾಂಶುಪಾಲರ ಪ್ರಿಂಟರ್ ಮತ್ತು ನನ್ನ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚು ಬಹಳ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದು ಹೇಳುವುದು ಸುಲಭ. ಬೇರೆಯವರಿಗೆ ಶಾಲು ಹೊದಿಸುವಾಗ ನಾನೂ ಚಪ್ಪಾಳೆ ತಟ್ಟುತ್ತೇನೆ, ಸದ್ದು ಬಾರದ ಹಾಗೆ. ಬಸವಕಲ್ಯಾಣದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತಾತ್ಕಾಲಿಕ ನೌಕರ ನಾನು. ಸೇರಿದ ವರ್ಷ ಅಂಗಳದಲ್ಲಿ ನೆಟ್ಟ ಬೇವಿನ ಗಿಡ ಈಗ ನೆರಳು ಕೊಡುತ್ತಿದೆ. ನನ್ನನ್ನು ಖಾಯಂ ಮಾಡುವ ಆದೇಶ ಮಾತ್ರ ಇನ್ನೂ ಬಂದಿಲ್ಲ.

ನಮ್ಮ ಹುಮನಾಬಾದ್ ಶಾಖೆಯವರು ಮಕ್ಕಳ ಹಾಜರಿಯನ್ನು ನಮ್ಮ ಸರ್ವರಿನಲ್ಲೇ ನೋಡಬೇಕು. ಸರ್ವರಿನ ನಿಜವಾದ ಒಳವಿಳಾಸ ಅವರಿಗೆ ಕಾಣುವುದಿಲ್ಲ, ಒಂದು ಹೊರವಿಳಾಸವಷ್ಟೇ ಕಾಣುತ್ತದೆ. ಆ ವಿಳಾಸಕ್ಕೆ ಯಾರೇ ಬಂದರೂ ಫೈರ್‌ವಾಲ್ ಎಂಬ ಕಾವಲು ಪೆಟ್ಟಿಗೆ ಅವರನ್ನು ಗೊತ್ತುಮಾಡಿದ ಒಂದೇ ಒಳವಿಳಾಸಕ್ಕೆ ಕಳಿಸುತ್ತದೆ. ಅಲ್ಲೀಗ ಯಾರಿದ್ದಾರೆ ಎಂದು ವಿಚಾರಿಸುವುದಿಲ್ಲ. ಇದಕ್ಕೆ ಸ್ಟ್ಯಾಟಿಕ್ ನ್ಯಾಟ್ ಎಂದು ಹೆಸರು.

ಒಂದು ದಿನ ಪ್ರಾಂಶುಪಾಲರಿಗೆ ವಾಸ್ತು ನೆನಪಾಯಿತು. “ಈಶಾನ್ಯದಾಗ ಬಿಸಿ ಮಷೀನ್ ಇಡಬಾರದ್ರಿ, ಆಗ್ನೇಯಕ್ಕ ಒಯ್ರಿ. ಅಮಾವಾಸ್ಯೆ ದಾಟಿದ ಮ್ಯಾಲ ಚಾಲೂ ಮಾಡ್ರಿ” ಎಂದರು. ಸರ್ವರ್ ಎರಡು ದಿನ ಬಂದ್ ಬಿತ್ತು. ಅಷ್ಟರಲ್ಲಿ ಅವರ ಕೋಣೆಗೆ ಹೊಸ ಪ್ರಿಂಟರ್ ಬಂತು. ಸರ್ವರಿನ ಒಳವಿಳಾಸವನ್ನು ಬದಲಾಗದಂತೆ ಕಟ್ಟಿಹಾಕಬೇಕಿದ್ದವನು ನಾನು. ಸೋಮಾರಿತನದಿಂದ ಬಿಟ್ಟಿದ್ದೆ. ಕಟ್ಟಿಹಾಕದ ವಿಳಾಸ ಖಾಲಿ ಬಿದ್ದರೆ ಹೊಸದಾಗಿ ಬಂದ ಯಂತ್ರಕ್ಕೆ ತಾನಾಗಿಯೇ ಸಿಕ್ಕಿಬಿಡುತ್ತದೆ. ಹಾಗೆ ಆ ವಿಳಾಸವನ್ನು ಪ್ರಿಂಟರ್ ಹಿಡಿಯಿತು, ಅಮಾವಾಸ್ಯೆ ಕಳೆದು ಎದ್ದ ಸರ್ವರ್ ಬೇರೊಂದಕ್ಕೆ ಹೋಗಿ ಕುಳಿತಿತು.

ಹುಮನಾಬಾದಿನಿಂದ ಅಲ್ಲಿನ ಆಪರೇಟರ್ ಶಶಿಕಲಾ ಫೋನ್ ಮಾಡಿದರು. ಕೊಡಂಬಲದಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಗಳು. “ಸರ್, ಹಾಜರಿ ತೆಗದ್ರ ಯಾವುದೋ ಪ್ರಿಂಟರಿನ ಪೇಜ್ ಬರಾಕತ್ತದರಿ. ಶಾಯಿ ಮುಗಿದದ ಅಂತ ತೋರಸ್ತದ.”

“ನಿಮ್ಮ ಲೈನೇ ಖರಾಬ್ ಆಗ್ಯದ ಮೇಡಂ” ಎಂದೆ. ಮೂರು ದಿನ ಅದನ್ನೇ ಹೇಳಿದೆ. ಹಾಜರಿ ಸಿಗದೆ ಅಲ್ಲಿ ಮಕ್ಕಳ ಪರೀಕ್ಷೆಯ ಹಾಲ್ ಟಿಕೆಟ್ ನಿಂತವು. ನಾಲ್ಕನೆಯ ದಿನ ಆಕೆ, “ಸಿಟ್ಟಾಗಬ್ಯಾಡ್ರಿ ಸರ್. ಫೈರ್‌ವಾಲ್ ಸರ್ವರಿನ ಹಳೇ ಅಡ್ರೆಸ್ ನಂಬರಿಗೇ ಕಳಸಾಕತ್ತದ, ಅಲ್ಲಿ ಈಗ ಪ್ರಿಂಟರ್ ಕುಂತದ ಅನಸ್ತದ. ಸರ್ವರಿಗೆ ಆ ನಂಬರ್ ಪಕ್ಕಾ ಮಾಡಿ, ಪ್ರಿಂಟರಿಗೆ ಬ್ಯಾರೇದು ಕೊಟ್ಟು ನೋಡ್ರಿ” ಎಂದರು. ಕೊಟ್ಟೆ. ಹತ್ತು ನಿಮಿಷದ ಕೆಲಸ.

ದೋಷ ಹೇಗೆ ಪತ್ತೆಯಾಗಿ ಸರಿಹೋಯಿತೆಂದು ಆಡಳಿತ ಮಂಡಳಿ ವರದಿ ಕೇಳಿತು. ಒಬ್ಬರನ್ನು ಖಾಯಂ ಮಾಡುವ ಮಾತೂ ಅದರ ಜೊತೆಗೇ ಇತ್ತು. ರಾತ್ರಿಯಿಡೀ ಕನಸು ಕಂಡು ವರದಿ ಬರೆದುಕೊಟ್ಟೆ. ಪ್ರಾಂಶುಪಾಲರು ನನ್ನ ಹೆಸರು ಹೊಡೆದುಹಾಕಿ ‘ನನ್ನ ಮಾರ್ಗದರ್ಶನದಲ್ಲಿ’ ಎಂದು ಸೇರಿಸಿ ಕಳಿಸಿದರು. ಹುಮನಾಬಾದಿನ ಸಭೆಯಲ್ಲಿ ಶಾಲು ಅವರಿಗೆ ಬಿತ್ತು. ಯಾರನ್ನು ಖಾಯಂ ಮಾಡುವುದೆಂಬ ಮಾತು ಮುಂದಿನ ಸಭೆಗೆ ಹೋಯಿತು. ನಾನು ಹಿಂದಿನ ಸಾಲಿನಲ್ಲಿ ಕುಳಿತು, ಸದ್ದು ಬಾರದ ಹಾಗೆ ಚಪ್ಪಾಳೆ ತಟ್ಟಿದೆ.

ಹೊರಗೆ ಶಶಿಕಲಾ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಸರ್, ವರದಿಯೊಳಗ ನನ್ನ ಹೆಸರು ಬರೆದಿದ್ರೇನ್ರಿ? ನಂದೂ ತಾತ್ಕಾಲಿಕ ನೌಕರಿ ಅದ.”

“ಬರೆದಿದ್ದೆ ಮೇಡಂ, ಸಾಹೇಬ್ರು ತಗದ್ರು.”

“ಹೋಗ್ಲಿ ಬಿಡ್ರಿ ಸರ್. ನಿಮ್ಮದೂ ತಗದಾರಲ್ಲ, ಪಾಪ” ಎಂದು ಆಕೆ ನನಗೇ ಸಮಾಧಾನ ಹೇಳಿ ಬಸ್ಸಿಗೆ ನಡೆದರು. ನಾನು ಬರೆದ ವರದಿಯಲ್ಲಿ ಪ್ರಾಂಶುಪಾಲರಿಗೆ ಹೊಡೆದುಹಾಕಲು ಸಿಕ್ಕಿದ್ದು ಒಂದೇ ಹೆಸರು.